ಬಣ್ಣ ಒಣಗಿದ ಮೇಲೆ ಶುರುವಾಗುವ ಕೆಲಸ: ಹಳೆ ಕಾಂಟೆಸ್ಸಾವನ್ನು ರೋಡಿಗೆ ಇಳಿಸೋದು ಹೇಗೆ

ಪೇಂಟ್ ಬೂತ್‌ನಿಂದ ಗಾಡಿ ಆಚೆ ಬಂದ ದಿನ ನೋಡಿದವರೆಲ್ಲ ಹೇಳೋದು ಒಂದೇ ಮಾತು, "ಇನ್ನೇನು, ಮುಗೀತಲ್ಲ!" ನಮಗೂ ಹಾಗೇ ಅನ್ನಿಸುತ್ತದೆ. ಎರಡು ಮೂರು ವರ್ಷ ತುಕ್ಕು ಕೆರೆಸಿ, ಟಿಂಕರಿಂಗ್ ಮಾಡಿಸಿ, ಬೆಂಗಳೂರಿನ ಜೆ.ಸಿ. ರಸ್ತೆಗೂ ಶಿವಾಜಿನಗರದ ಗುಜರಿಗೂ ಅಲೆದು ಒಂದೊಂದೇ ಸಾಮಾನು ಹುಡುಕಿ ತಂದಿರುತ್ತೇವೆ. ಕೀ ತಿರುಗಿಸಿ ಹೊರಟೇ ಬಿಡೋಣ ಅನ್ನುವ ಆಸೆ ಬರೋದು ಸಹಜ. ದಯವಿಟ್ಟು ಹೊರಡಬೇಡಿ. ಬಣ್ಣ ಮುಗಿದ ಗಾಡಿ ನೋಡೋಕೆ ಮಾತ್ರ ರೆಡಿ, ಓಡೋಕೆ ಇನ್ನೂ ಎರಡು ತಿಂಗಳ ಕೆಲಸ ಬಾಕಿ ಇದೆ. ಆ ಎರಡು ತಿಂಗಳಲ್ಲಿ ಏನೇನು ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ.

ನನ್ನದು 1991ರ ಕಾಂಟೆಸ್ಸಾ ಕ್ಲಾಸಿಕ್. ಮಂಡ್ಯದ ಹತ್ತಿರ ಒಂದು ಆಲೆಮನೆಯ ಶೆಡ್ಡಿನಲ್ಲಿ ಕಬ್ಬಿನ ಸಿಪ್ಪೆಯ ಪಕ್ಕ ಹನ್ನೊಂದು ವರ್ಷ ನಿಂತಿತ್ತು. ಹಿಂದೂಸ್ಥಾನ್ ಮೋಟರ್ಸ್‌ನವರು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1984ರಿಂದ 2002ರವರೆಗೆ ಈ ಕಾರು ಮಾಡಿದರು. ಬಾಡಿಯ ಮೂಲ ಇಂಗ್ಲೆಂಡಿನ ವಾಕ್ಸ್‌ಹಾಲ್. ಮೊದಲು ಬಂದ ಗಾಡಿಗಳಲ್ಲಿ ಅಂಬಾಸಿಡರ್‌ನ 1,489 ಸಿಸಿ ಎಂಜಿನ್ ಇತ್ತು, ಆ ಬಾಡಿಗೆ ಅದು ಏನೂ ಸಾಲುತ್ತಿರಲಿಲ್ಲ. ಆಮೇಲೆ ಇಸುಜು ಕಂಪನಿಯ 1,817 ಸಿಸಿ ಎಂಜಿನ್, ಐದು ಗೇರು ಬಂತು, ಗಾಡಿಗೆ ಜೀವ ಬಂತು. ಅಮೆರಿಕದಲ್ಲಿ ಮಸಲ್ ಕಾರ್ (ದೊಡ್ಡ ಎಂಜಿನ್ನಿನ ಬಲಶಾಲಿ ಕಾರು) ಅಂದರೆ 1964ರ ಪಾಂಟಿಯಾಕ್ ಜಿಟಿಒ ಹೆಸರು ಮೊದಲು ಬರುತ್ತದೆ, ಅದಕ್ಕೆ 6.4 ಲೀಟರ್‌ನ ವಿ8 ಎಂಜಿನ್. ನಮ್ಮದು ಅಷ್ಟು ದೊಡ್ಡದಲ್ಲ. ಆದರೂ ಉದ್ದ ಬಾನೆಟ್, ಮುಂದೆ ನಾಲ್ಕು ಹೆಡ್‌ಲೈಟ್, ಹಿಂದಿನ ಚಕ್ರಕ್ಕೆ ಪವರ್. ಎಂಬತ್ತರ ದಶಕದಲ್ಲಿ ಚಿಕ್ಕವರಾಗಿದ್ದ ನಮಗೆ ಮಸಲ್ ಕಾರ್ ಅಂದರೆ ಇದೇ. ಕೆಳಗೆ ಹೇಳಿರೋದು ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರಿಗೂ ಬಹುಪಾಲು ಅನ್ವಯಿಸುತ್ತದೆ.

ಮೊದಲು ನನಗೆ ಆದದ್ದನ್ನು ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಯಾರು ಹಳೆ ಗಾಡಿ ರೆಡಿ ಮಾಡಿಸಿದರೂ ಆಯುಧ ಪೂಜೆಗೆ ಮುಗಿಸಬೇಕು ಅಂತ ಹಟ ಹಿಡಿಯುತ್ತಾರೆ. ನಾನೂ ಹಿಡಿದೆ. ಪೂಜೆಗೆ ನಾಲ್ಕು ದಿನ ಇರುವಾಗ ಬ್ರೇಕ್ ಕೆಲಸ ಮುಗಿಯಿತು. ಗ್ಯಾರೇಜಿನಲ್ಲಿ ಮುಚ್ಚಳ ತೆಗೆದು ಎಷ್ಟು ಕಾಲ ಆಗಿತ್ತೋ, ಒಂದು ಹಳೆ ಡಬ್ಬಿಯಿಂದ ಬ್ರೇಕ್ ಆಯಿಲ್ ಸುರಿದರು. ನಾನು ನಿಂತು ನೋಡಿದೆ, ಕೇಳಲಿಲ್ಲ. ಪೂಜೆ ದಿನ ನಿಂಬೆಹಣ್ಣು ತುಳಿಸಿ ಸೀದಾ ಚಾಮುಂಡಿ ಬೆಟ್ಟಕ್ಕೆ ಹೋದೆವು. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ನಾಲ್ಕನೇ ತಿರುವಿಗೆ ಪೆಡಲ್ ಸ್ಪಂಜಿನ ಹಾಗಾಯಿತು, ಮುಂದಿನ ತಿರುವಿಗೆ ನೆಲಕ್ಕೇ ಹೋಯಿತು. ಹಿಂದೆ ಅಮ್ಮ, ಇಬ್ಬರು ಮಕ್ಕಳು. ಎರಡನೇ ಗೇರಿಗೆ ಎಳೆದು, ಹ್ಯಾಂಡ್‌ಬ್ರೇಕ್ ಹಿಡಿದು, ಬೆಟ್ಟದ ಕಡೆಯ ಮಣ್ಣಿಗೆ ಚಕ್ರ ಒರಗಿಸಿ ನಿಲ್ಲಿಸಿದೆ. ಅರ್ಧ ಗಂಟೆ ಆದ ಮೇಲೆ ಪೆಡಲ್ ತಾನಾಗಿ ಗಟ್ಟಿಯಾಯಿತು.

ಆಗಿದ್ದು ಇಷ್ಟೇ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಹೊಸ ಡಾಟ್ 3 ದರ್ಜೆಯ (ಡಬ್ಬಿ ಮೇಲೆ DOT 3 ಅಂತ ಬರೆದಿರುತ್ತದೆ) ಆಯಿಲ್ ಕುದಿಯೋದಕ್ಕೆ 205 ಡಿಗ್ರಿ ಬೇಕು, ನೀರು ಹೀರಿದ ಮೇಲೆ 140ಕ್ಕೇ ಕುದಿಯಬಹುದು. ಡಾಟ್ 4 ಆದರೆ 230 ಮತ್ತು 155. ಇಳಿಜಾರಿನಲ್ಲಿ ಒಂದೇ ಸಮ ಬ್ರೇಕ್ ಒತ್ತಿದರೆ ಆಯಿಲ್ ಕುದಿದು ಆವಿಯಾಗುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ, ಆದ್ದರಿಂದ ಪೆಡಲ್ ಕೆಳಗೆ ಹೋಗುತ್ತದೆ. ತಣ್ಣಗಾದರೆ ಆವಿ ಮತ್ತೆ ಆಯಿಲ್‌ಗೆ ಸೇರಿ ಪೆಡಲ್ ವಾಪಸ್ ಬರುತ್ತದೆ. ಮುನ್ನೂರು ನಾನೂರು ರೂಪಾಯಿಯ ಡಬ್ಬಿ ಅದು. ಸೀಲ್ ಒಡೆಯದ ಹೊಸ ಡಬ್ಬಿ ನೀವೇ ತಗೊಂಡು ಹೋಗಿ, ನಿಮ್ಮ ಕಣ್ಣ ಮುಂದೆ ಒಡೆಸಿ, ಉಳಿದದ್ದನ್ನು ಇಟ್ಟುಕೊಳ್ಳಬೇಡಿ.

ಹಾಗಾಗಿ ಬ್ರೇಕಿನಿಂದಲೇ ಶುರು ಮಾಡಿ. ಹನ್ನೊಂದು ವರ್ಷ ನಿಂತ ಗಾಡಿಯಲ್ಲಿ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವುದು), ವೀಲ್ ಸಿಲಿಂಡರ್‌ಗಳ (ಚಕ್ರದ ಹತ್ತಿರ ಬ್ರೇಕ್ ಒತ್ತುವುವು) ರಬ್ಬರ್ ಎಲ್ಲಾ ಹೊಸದಾಗಬೇಕು. ಸಿಲಿಂಡರ್ ಒಳಗೆ ಉಗುರು ಆಡಿಸಿ ನೋಡಿ, ಗುಳಿ ಬಿದ್ದಿರೋದು ಉಗುರಿಗೆ ಸಿಕ್ಕಿದರೆ ರಬ್ಬರ್ ಕಿಟ್ ಹಾಕಿ ಪ್ರಯೋಜನ ಇಲ್ಲ, ಸಿಲಿಂಡರೇ ಬದಲಿಸಿ ಅಥವಾ ಸ್ಲೀವ್ ಹಾಕಿಸಿ. ರಬ್ಬರ್ ಹೋಸ್ ಹೊರಗಡೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತದೆ, ಹಾಗಾದರೆ ಒತ್ತಿದ ಬ್ರೇಕ್ ಬಿಡೋದಿಲ್ಲ, ಚಕ್ರ ಕಾಯುತ್ತದೆ. ಮುಲಾಜಿಲ್ಲದೆ ಎಲ್ಲಾ ಹೋಸ್ ಬದಲಿಸಿ. ಬ್ರೇಕ್ ಪೈಪಿನೊಳಗಿನ ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರ್‌ಗೆ ದೂರದ ಚಕ್ರದಿಂದ ಹತ್ತಿರಕ್ಕೆ ಬನ್ನಿ. ನಮ್ಮ ಬಲಗಡೆ ಸ್ಟೀರಿಂಗ್ ಗಾಡಿಗಳಲ್ಲಿ ಅಂದರೆ ಎಡ ಹಿಂದೆ, ಬಲ ಹಿಂದೆ, ಎಡ ಮುಂದೆ, ಕೊನೆಗೆ ಬಲ ಮುಂದೆ. ಹೊಸ ಬಣ್ಣದ ಮೇಲೆ ಒಂದು ಹನಿ ಬಿದ್ದರೂ ಬಣ್ಣ ಎದ್ದು ಬರುತ್ತದೆ, ಪಕ್ಕದಲ್ಲಿ ಒಂದು ಬಕೆಟ್ ನೀರು, ಒದ್ದೆ ಬಟ್ಟೆ ಇಟ್ಟುಕೊಳ್ಳಿ. ಎಲ್ಲಾ ಆದ ಮೇಲೆ ಎಂಜಿನ್ ಆಫ್ ಇರುವಾಗ ಪೆಡಲ್ ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಾಗೇ ಹಿಡಿಯಿರಿ. ನಿಧಾನಕ್ಕೆ ಕೆಳಗೆ ಇಳಿಯಿತು ಅಂದರೆ ಎಲ್ಲೋ ಸೀಲ್ ಬಿಟ್ಟಿದೆ.

ಇನ್ನು ಕರೆಂಟ್ ಕೆಲಸ. ಹೊಸ ಬಣ್ಣ ಹೊಡೆದ ಗಾಡಿಗಳಿಗೆ ಮಾತ್ರ ಬರುವ ಒಂದು ಕಾಯಿಲೆ ಇದೆ. ಎಲ್ಲಾ ಸರಿ ಇರುತ್ತದೆ, ಆದರೆ ಹೆಡ್‌ಲೈಟ್ ಮಂಕು, ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಮಿಣಮಿಣ ಅನ್ನುತ್ತದೆ, ಸೆಲ್ಫ್ ಹೊಡೆದರೆ ಟಕ್ ಅಂತ ಸುಮ್ಮನಾಗುತ್ತದೆ. ವೈರಿಂಗ್ ಪೂರ್ತಿ ಬದಲಿಸಬೇಕು ಅಂತ ಹೇಳುವವರು ಸಿಗುತ್ತಾರೆ, ಅಲ್ಲಿಗೆ ಹೋಗುವ ಮುಂಚೆ ಅರ್ಥ್ ನೋಡಿ. ಈ ಗಾಡಿಗಳಲ್ಲಿ ಬಾಡಿಯೇ ನೆಗೆಟಿವ್. ಬಾಡಿಗೆ ನಾಲ್ಕು ಪದರ ಪ್ರೈಮರ್, ಬಣ್ಣ, ಲ್ಯಾಕರ್ ಹೊಡೆದು ಅದರ ಮೇಲೆ ಅರ್ಥ್ ವೈರಿನ ಬೋಲ್ಟ್ ಕೂರಿಸಿದರೆ ಕರೆಂಟ್ ಎಲ್ಲಿಂದ ವಾಪಸ್ ಹೋಗಬೇಕು? ನನ್ನ ಗಾಡಿಯಲ್ಲಿ ಎಡಗಡೆಯ ಎರಡೂ ಹೆಡ್‌ಲೈಟ್ ಸಾರಾಯಿ ಅಂಗಡಿ ಬಲ್ಬಿನ ಹಾಗೆ ಕೆಂಪಗೆ ಉರಿಯುತ್ತಿದ್ದವು. ಮಲ್ಟಿಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಲೈಟಿನ ಅರ್ಥ್ ಬೋಲ್ಟಿಗೆ ಇಟ್ಟು ಲೈಟ್ ಹಾಕಿದೆ. 1.8 ವೋಲ್ಟ್ ತೋರಿಸಿತು. 0.2 ದಾಟಬಾರದು. ಬೋಲ್ಟ್ ಬಿಚ್ಚಿ, ವಾಷರ್ ಕೂರುವ ಜಾಗವನ್ನಷ್ಟೇ ಎಮರಿ ಪೇಪರ್‌ನಲ್ಲಿ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿ ಮಾಡಿ, ಮೇಲೆ ಸ್ವಲ್ಪ ವ್ಯಾಸಲಿನ್ ಸವರಿದೆ. ಮೀಟರ್ 0.05ಕ್ಕೆ ಇಳಿಯಿತು, ಗೋಡೆಯ ಮೇಲಿನ ಬೆಳಕು ಬಿಳಿಯಾಯಿತು. ಖರ್ಚು ಒಂದು ಎಮರಿ ಪೇಪರ್. ಎಂಜಿನ್‌ನಿಂದ ಬಾಡಿಗೆ ಬರುವ ಹೆಣೆದ ಅರ್ಥ್ ಪಟ್ಟಿ ಒಂದಿರುತ್ತದೆ, ಎಂಜಿನ್ ಇಳಿಸಿ ಏರಿಸುವಾಗ ಅದನ್ನು ಹಾಕೋಕೆ ಮರೆಯುವವರೇ ಜಾಸ್ತಿ. ಅದಿದೆಯಾ ನೋಡಿ.

ಬ್ಯಾಟರಿ ಸುಮ್ನೆ ನಿಂತಾಗ 12.6 ವೋಲ್ಟ್, ಎಂಜಿನ್ ಓಡುವಾಗ 13.8ರಿಂದ 14.4 ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಹೆಡ್‌ಲೈಟಿಗೆ ರಿಲೇ ಹಾಕಿಸಿ, ಇಲ್ಲದಿದ್ದರೆ ಪೂರ್ತಿ ಕರೆಂಟ್ ಹಳೆ ಸ್ವಿಚ್ಚಿನ ಮೂಲಕ ಹೋಗಿ ಸ್ವಿಚ್ ಸುಡುತ್ತದೆ.

ಪೆಟ್ರೋಲ್ ವಿಷಯಕ್ಕೆ ಬಂದರೆ, ಈ ಗಾಡಿಗಳನ್ನು ಮಾಡಿದ ಕಾಲದ ಪೆಟ್ರೋಲ್ ಬೇರೆ, ಈಗ ಬಂಕಿನಲ್ಲಿ ಸಿಗುವುದು ಬೇರೆ. ಈಗಿನದು ಇ20, ಅಂದರೆ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್. ಮಂಡ್ಯದ ಕಬ್ಬಿಗೆ ಅದರಿಂದ ಒಳ್ಳೆಯದಾಗಲಿ, ಆದರೆ ಹಳೆ ರಬ್ಬರಿಗೆ ಅದು ಆಗಿಬರಲ್ಲ. ಪೈಪು ಮೆತ್ತಗಾಗಿ, ಬಿರುಕು ಬಿಟ್ಟು, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಜಿನುಗುತ್ತದೆ. ಹಳೆ ಗಾಡಿಗಳಿಗೆ ಬೆಂಕಿ ಹತ್ತುವ ಒಂದು ಮುಖ್ಯ ದಾರಿ ಇದು. ಹೊಸ ಪೈಪ್ ತರುವಾಗ ಮೈ ಮೇಲೆ 30ಆರ್9 (30R9) ಅಂತ ಅಚ್ಚಾಗಿರುವುದನ್ನೇ ಕೇಳಿ ತನ್ನಿ. ಟ್ಯಾಂಕ್ ಇಳಿಸಿ ತೊಳೆಸಿ, ಎಥನಾಲ್ ನೀರು ಹೀರುವುದರಿಂದ ತಗಡಿನ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಎಂಜಿನ್‌ಗೆ ಮುಂಚೆ ಪಾರದರ್ಶಕ ಫಿಲ್ಟರ್ ಒಂದು ಹಾಕಿದರೆ ಒಳಗೆ ಕಂದು ಪುಡಿ ಕೂರೋದು ಕಣ್ಣಿಗೇ ಕಾಣುತ್ತದೆ. ಎಥನಾಲ್ ಜಾಸ್ತಿ ಇದ್ದಾಗ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಎಳೆಯುವಾಗ ತಡವರಿಸಿದರೆ, ಪ್ಲಗ್ ಬಿಚ್ಚಿ ನೋಡಿದಾಗ ಬೆಳ್ಳಗೆ ಇದ್ದರೆ, ಕಾರ್ಬೊರೇಟರ್ ಗೊತ್ತಿರುವ ಹಳೆ ಮೇಸ್ತ್ರಿಯ ಹತ್ತಿರ ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತಿನ ತುಂಡು) ಸ್ವಲ್ಪ ದೊಡ್ಡದು ಹಾಕಿಸಿ.

ಕೂಲಿಂಗ್‌ನಲ್ಲಿ ನಮ್ಮ ಕಡೆ ಒಂದು ಕೆಟ್ಟ ಅಭ್ಯಾಸ ಇದೆ. ಗಾಡಿ ಸ್ವಲ್ಪ ಬಿಸಿಯಾದರೆ ಸಾಕು, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ಮಾತ್ರ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ಕಿತ್ತು ಬಿಸಾಡುತ್ತಾರೆ. ಆಮೇಲೆ ಎಂಜಿನ್ ಸರಿಯಾದ ಬಿಸಿಗೇ ಬರೋದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಬೋರ್ (ಪಿಸ್ಟನ್ ಓಡಾಡುವ ಕೊಳವೆ) ಬೇಗ ಸವೆಯುತ್ತದೆ. ಹೊಸ ಥರ್ಮೋಸ್ಟಾಟ್ ತಂದು ಹಾಕುವ ಮುಂಚೆ ಮನೆಯಲ್ಲೇ ಪರೀಕ್ಷೆ ಮಾಡಿ. ನಾನು ಅಡುಗೆಮನೆಯಲ್ಲಿ ಹಳೆ ಪಾತ್ರೆಗೆ ನೀರು ಹಾಕಿ, ಥರ್ಮೋಸ್ಟಾಟನ್ನು ದಾರ ಕಟ್ಟಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಸ್ಟವ್ ಹಚ್ಚಿದೆ. 82 ಅಂತ ಬರೆದಿದ್ದ ಮೊದಲನೆಯದು ನೀರು ಕೊತಕೊತ ಕುದಿದರೂ ಬಾಯಿ ಬಿಡಲಿಲ್ಲ, ಹೊಸದಾಗಿ ಡಬ್ಬದಿಂದ ತೆಗೆದ ಸಾಮಾನು ಅದು. ಎರಡನೆಯದು 83ಕ್ಕೆ ಮೆಲ್ಲಗೆ ತೆರೆಯಿತು. ಮೊದಲನೆಯದನ್ನು ಹಾಕಿ ರಿಂಗ್ ರೋಡಿಗೆ ಹೋಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತಿತ್ತು. ಬೋರ್‌ವೆಲ್ ನೀರು ಹಾಕಬೇಡಿ, ರೇಡಿಯೇಟರ್ ಒಳಗೆ ಸುಣ್ಣ ಕಟ್ಟುತ್ತದೆ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಮುಂದಿನ ಚಕ್ರ ಎತ್ತರದ ಮೇಲೆ ನಿಲ್ಲಿಸಿ ತುಂಬಿಸಿದರೆ ಒಳಗಿನ ಗಾಳಿ ಮೇಲೆ ಬಂದು ಹೋಗುತ್ತದೆ.

ಎಂಜಿನ್ ಬಿಚ್ಚಿ ಕಟ್ಟಿದ್ದರೆ ಮೊದಲ ಸ್ಟಾರ್ಟಿಗೆ ಒಬ್ಬರೇ ಇರಬೇಡಿ. ಒಬ್ಬರು ಒಳಗೆ, ಒಬ್ಬರು ಬಾನೆಟ್ ಹತ್ತಿರ ಬೆಂಕಿ ನಂದಿಸುವ ಸಿಲಿಂಡರ್ ಹಿಡಿದು. ಪ್ಲಗ್ ಎಲ್ಲಾ ಬಿಚ್ಚಿ, ಆಯಿಲ್ ಲೈಟ್ ಆರುವವರೆಗೆ ಬರೀ ಸೆಲ್ಫ್ ಹೊಡೆಯಿರಿ, ಹತ್ತತ್ತು ಸೆಕೆಂಡ್ ಮಾತ್ರ, ನಡುವೆ ಬಿಟ್ಟು ಬಿಟ್ಟು. ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಐದು ಸೆಕೆಂಡಿನಲ್ಲಿ ಆಯಿಲ್ ಲೈಟ್ ಆರಲಿಲ್ಲ ಅಂದರೆ ಯೋಚನೆ ಮಾಡದೆ ಆಫ್ ಮಾಡಿ. ಹೊಸ ಕ್ಯಾಮ್ (ಎಂಜಿನ್ನಿನ ವಾಲ್ವ್ ತೆರೆಯುವ ಶಾಫ್ಟ್) ಹಾಕಿದ್ದರೆ ಐಡ್ಲಿಂಗ್‌ನಲ್ಲಿ ಬಿಡಬೇಡಿ, 2,000 ಆರ್‌ಪಿಎಂ ಹತ್ತಿರ ಇಪ್ಪತ್ತು ನಿಮಿಷ ಓಡಿಸಿ. ಕ್ಯಾಮ್ ಮೇಲೆ ಆಯಿಲ್ ಚೆನ್ನಾಗಿ ಎರಚಿ ಅದರ ಮೈ ಹದವಾಗೋದು ಆ ಇಪ್ಪತ್ತು ನಿಮಿಷದಲ್ಲೇ. ಈಗಿನ ಕಾರುಗಳಿಗೆ ಮಾಡಿದ ನೀರಿನಂಥ ಆಯಿಲ್ ಬೇಡ, ಜಿಂಕ್ ಅಂಶ ಸಾಕಷ್ಟಿರುವ 20ಡಬ್ಲ್ಯೂ-50 ಹಾಕಿ.

ಟೈರಿನ ಗ್ರಿಪ್ ಆಳವಾಗಿ ಕಂಡರೂ ನಂಬಬೇಡಿ. ಟೈರಿನ ಪಕ್ಕದ ಗೋಡೆ ಮೇಲೆ DOT ಅಂತ ಇರುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 3214 ಅಂದರೆ 2014ರ 32ನೇ ವಾರ. ಅಷ್ಟು ಹಳೆಯದು ಗುಜರಿಗೆ.

ಕಾಗದ ಪತ್ರದ ಕೆಲಸವನ್ನು ಎಲ್ಲರೂ ಕೊನೆಗೆ ಇಟ್ಟುಕೊಳ್ಳುತ್ತಾರೆ. ಗಾಡಿ ಟಿಂಕರಿಂಗ್‌ನಲ್ಲಿ ಇರುವಾಗಲೇ ಶುರು ಮಾಡಿ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅವಧಿ ಮುಗಿದ ಗಾಡಿಯನ್ನು ಟ್ರಯಲ್ ಅಂತಾನೂ ರಸ್ತೆಗೆ ತೆಗೆಯುವ ಹಾಗಿಲ್ಲ, ಆರ್‌ಟಿಒ ಆಫೀಸಿಗೂ ಟೋಯಿಂಗ್ ಗಾಡಿಯ ಮೇಲೇ ತಗೊಂಡು ಹೋಗಿ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30, ನವೀಕರಣಕ್ಕೆ ಫಾರಂ 25. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳ ನವೀಕರಣ ಶುಲ್ಕವನ್ನು 10,000 ರೂಪಾಯಿ ಮಾಡಿದರು, ಅದರ ಮೇಲೆ ತಡವಾದ ದಂಡ, ಹಸಿರು ತೆರಿಗೆ ಸೇರುತ್ತದೆ, ಇದನ್ನು ಬಜೆಟ್‌ನಲ್ಲಿ ಮೊದಲೇ ಇಟ್ಟುಕೊಳ್ಳಿ. ಹಳೆ ಆರ್‌ಸಿಯಲ್ಲಿ ಯಾವುದೋ ಕಾಲದ ಬ್ಯಾಂಕ್ ಸಾಲದ ನಮೂದು ಇನ್ನೂ ಇದ್ದರೆ ಅದನ್ನು ತೆಗೆಸೋದಕ್ಕೇ ತಿಂಗಳು ಬೇಕಾಗಬಹುದು.

ಬಣ್ಣ ಬದಲಿಸಿದ್ದರೆ ಆರ್‌ಸಿಯಲ್ಲೂ ಬದಲಾಗಬೇಕು. ನಾನು ಹಳೆ ಬಣ್ಣವನ್ನೇ ಹೊಡೆಸಿದ್ದಕ್ಕೆ ಅರ್ಧ ಕಾರಣ ಇದೇ. ಇನ್ನೊಂದು ಮಾತು, ಪೇಂಟರ್‌ಗೆ ಮೊದಲ ದಿನವೇ ಹೇಳಿ, ಚಾಸಿ ನಂಬರ್ ಮೇಲೆ ಪುಟ್ಟಿ (ತಗ್ಗು ತುಂಬುವ ಪೇಸ್ಟ್) ಮೆತ್ತಬೇಡ ಅಂತ. ತಪಾಸಣೆಯಲ್ಲಿ ಆ ನಂಬರ್ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯುತ್ತಾರೆ. ಪುಟ್ಟಿಯ ಕೆಳಗೆ ನಂಬರ್ ಮುಳುಗಿದ್ದರೆ ಪ್ರಿಂಟ್ ಬರೋದಿಲ್ಲ, ಕೆರೆಯೋಕೆ ಹೋದರೆ ತಿದ್ದಿದ ಹಾಗೆ ಕಾಣುತ್ತದೆ. ಬಣ್ಣಕ್ಕೆ ಕೊಡುವ ಮುಂಚೆ ನೀವೇ ಒಂದು ಪ್ರಿಂಟ್ ತೆಗೆದು, ಫೋಟೋ ಹೊಡೆದು ಇಟ್ಟುಕೊಳ್ಳಿ.

ಕಪ್ಪು ಪ್ಲೇಟಿನ ಮೇಲೆ ಬೆಳ್ಳಿ ಅಕ್ಷರ ಹಳೆ ಗಾಡಿಗೆ ಚೆಂದ, ಒಪ್ಪುತ್ತೇನೆ. ಆದರೆ ಹೈ ಸೆಕ್ಯುರಿಟಿ ಪ್ಲೇಟ್ ಕಡ್ಡಾಯ. ವಿಂಟೇಜ್ ನೋಂದಣಿ ಸಿಗೋದು 50 ವರ್ಷ ದಾಟಿದ ಗಾಡಿಗೆ ಮಾತ್ರ, ಅತ್ಯಂತ ಹಳೆಯ ಕಾಂಟೆಸ್ಸಾಗೂ 2034ರವರೆಗೆ ಕಾಯಬೇಕು. ಎಮಿಷನ್‌ಗೆ ಹೋಗುವಾಗ ಎಂಜಿನ್ ಚೆನ್ನಾಗಿ ಬಿಸಿಯಾಗಿರಲಿ. ಇಷ್ಟು ಹಳೆ ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ನೂರಕ್ಕೆ 3. ಟ್ಯೂನಿಂಗ್ ಸರಿ ಇದ್ದರೆ ಧಾರಾಳವಾಗಿ ಪಾಸಾಗುತ್ತದೆ.

ಈಗ ರೋಡು. ಮನೆಯಿಂದ ಸುತ್ತು ಸುತ್ತಾಗಿ ದೊಡ್ಡದು ಮಾಡುತ್ತಾ ಹೋಗಿ. ಮೊದಲ ವಾರ ಬಡಾವಣೆಯೊಳಗೆ, ಬೆಳಿಗ್ಗೆ ಆರಕ್ಕೆ, ಐದು ಕಿಲೋಮೀಟರ್ ಒಳಗೆ. ನಲವತ್ತರ ವೇಗದಿಂದ ಮೆತ್ತಗೆ ಬ್ರೇಕ್ ಹಿಡಿದು ನಿಲ್ಲಿಸಿ, ಮತ್ತೆ ಹೊರಡಿ, ಹೀಗೆ ಇಪ್ಪತ್ತು ಸಲ, ಹೊಸ ಬ್ರೇಕ್ ಲೈನರ್ ಕೂರುತ್ತದೆ. ಮನೆಗೆ ಬಂದು ನಾಲ್ಕೂ ಚಕ್ರದ ಹತ್ತಿರ ಅಂಗೈ ತಂದು ನೋಡಿ, ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. 50 ಕಿಲೋಮೀಟರ್ ಆದ ಮೇಲೆ ವೀಲ್ ನಟ್ ಮತ್ತೆ ಬಿಗಿ ಮಾಡಿ. ಇದನ್ನು ಯಾರೂ ಮಾಡಲ್ಲ, ನೀವು ಮಾಡಿ, ಹೊಸ ಬಣ್ಣದ ಮೇಲೆ ಕೂತ ನಟ್ ಖಂಡಿತ ಕಾಲು ಸುತ್ತು ಸಡಿಲ ಆಗಿರುತ್ತದೆ.

ಎರಡನೇ ಸುತ್ತು ಮೈಸೂರಿನ ಹೊರವರ್ತುಲ ರಸ್ತೆ. ಪೂರ್ತಿ ಒಂದು ಸುತ್ತು ಸುಮಾರು 42 ಕಿಲೋಮೀಟರ್, ಆದರೆ ಎಲ್ಲಿ ನಿಂತರೂ ಮನೆಗೆ, ಗ್ಯಾರೇಜಿಗೆ ದೂರ ಇಲ್ಲ. ಒಂದೇ ವೇಗದಲ್ಲಿ ಹೋಗಬೇಡಿ, 40ರಿಂದ 60ಕ್ಕೆ ಎಳೆದು, ಆಕ್ಸಿಲರೇಟರ್ ಬಿಟ್ಟು, ಮತ್ತೆ ಎಳೆಯಿರಿ. ಪಿಸ್ಟನ್ ರಿಂಗ್ ಬೋರಿಗೆ ಕೂರೋದು ಈ ಏರಿಳಿತದಲ್ಲೇ. ಕಿವಿ ಕೊಡಿ. ವೇಗ ಏರಿದಂತೆ ಏರುವ ಊಳು ಶಬ್ದ ಹಿಂದಿನಿಂದ ಬಂದರೆ ಡಿಫರೆನ್ಷಿಯಲ್ (ಹಿಂದಿನ ಚಕ್ರಗಳ ನಡುವಿನ ಗೇರ್ ಪೆಟ್ಟಿಗೆ) ನೋಡಿಸಿ, ಗೇರ್ ಹಾಕಿದ ಕ್ಷಣ ಟಣ್ ಅಂದರೆ ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಉದ್ದ ಶಾಫ್ಟ್) ಕ್ರಾಸ್ ಸವೆದಿದೆ.

ಮೂರನೆಯದು ಶ್ರೀರಂಗಪಟ್ಟಣ ದಾಟಿ ಮಂಡ್ಯ, ಹೋಗೋಕೆ ಸುಮಾರು 45 ಕಿಲೋಮೀಟರ್. ಎಕ್ಸ್‌ಪ್ರೆಸ್‌ವೇ ಮೇಲೆ ಹತ್ತಬೇಡಿ, ಎಲ್ಲರೂ ನೂರರ ಹತ್ತಿರ ಓಡಿಸುವ ರಸ್ತೆಯಲ್ಲಿ ರನ್ನಿಂಗ್ ಇನ್‌ನಲ್ಲಿರುವ, ಅಂದರೆ ಇನ್ನೂ ಹದವಾಗುತ್ತಿರುವ, ಗಾಡಿಗೆ ಕೆಲಸ ಇಲ್ಲ. ಸರ್ವಿಸ್ ರಸ್ತೆ ಹಿಡಿಯಿರಿ. ಡಿಕ್ಕಿಯಲ್ಲಿ ಫ್ಯಾನ್ ಬೆಲ್ಟ್, ಮೇಲಿನ ಕೆಳಗಿನ ರೇಡಿಯೇಟರ್ ಹೋಸ್, ಕ್ಲಿಪ್, ಐದು ಲೀಟರ್ ನೀರು, ಫ್ಯೂಸ್, ಹಳೆ ಇಗ್ನಿಷನ್ನಿನ ಪಾಯಿಂಟ್ ಇರುವ ಗಾಡಿಯಾದರೆ ಪಾಯಿಂಟ್ ಮತ್ತು ಕಂಡೆನ್ಸರ್ ಇರಲಿ.

ಚಾಮುಂಡಿ ಬೆಟ್ಟ ಎಲ್ಲದಕ್ಕಿಂತ ಕೊನೆಗೆ. ಊರಿಗಿಂತ ಸುಮಾರು 300 ಮೀಟರ್ ಎತ್ತರ, ಹತ್ತುವಾಗ ಕೂಲಿಂಗ್, ಇಳಿಯುವಾಗ ಬ್ರೇಕ್, ಎರಡಕ್ಕೂ ಪೂರ್ತಿ ಪರೀಕ್ಷೆ. ಹತ್ತಿದ ಗೇರಿನಲ್ಲೇ ಇಳಿಯಿರಿ, ಎಂಜಿನ್ ಗಾಡಿಯನ್ನು ಹಿಡಿಯಲಿ. ಮೊದಲ ಸಲ ಮನೆಯವರನ್ನು ಕೂರಿಸಿಕೊಳ್ಳಬೇಡಿ.

ಪ್ರತಿ ಸುತ್ತು ಮುಗಿಸಿ ಬಂದ ರಾತ್ರಿ ಗಾಡಿಯ ಕೆಳಗೆ ದೊಡ್ಡ ರಟ್ಟು ಹಾಸಿ. ಫ್ರಿಜ್ಜಿನ ಡಬ್ಬ ಬಿಚ್ಚಿದರೆ ಸರಿಯಾಗಿ ಆಗುತ್ತದೆ. ನಾಲ್ಕು ಚಕ್ರದ ಜಾಗ ಪೆನ್ನಿನಲ್ಲಿ ಗುರುತು ಮಾಡಿ. ಬೆಳಿಗ್ಗೆ ಎಳೆದು ನೋಡಿದರೆ ಯಾವ ಹನಿ ಎಲ್ಲಿ ಬಿದ್ದಿದೆ ಗೊತ್ತಾಗುತ್ತದೆ. ಮುಂದೆ ಕಂದು ಕಲೆ ಎಂಜಿನ್ ಆಯಿಲ್, ಹಸಿರು ಕೂಲೆಂಟ್, ನಡುವೆ ಗಂಧಕದ ವಾಸನೆ ಬರುವ ದಪ್ಪ ಹನಿ ಗೇರ್ ಆಯಿಲ್, ಚಕ್ರದ ಪಕ್ಕ ಬಣ್ಣವಿಲ್ಲದ ಜಾರುವ ಹನಿ ಇದ್ದರೆ ಬ್ರೇಕ್ ಆಯಿಲ್, ಅವತ್ತು ಗಾಡಿ ತೆಗೆಯಬೇಡಿ. 500 ಕಿಲೋಮೀಟರಿಗೆ ಎಂಜಿನ್ ಆಯಿಲ್ ಬದಲಿಸಿ, ಇಳಿಸಿದ ಆಯಿಲ್‌ನಲ್ಲಿ ಅಯಸ್ಕಾಂತ ಆಡಿಸಿ. ಮಸಿಯಂಥ ಸಣ್ಣ ಪುಡಿ ಅಂಟಿದರೆ ಪರವಾಗಿಲ್ಲ, ಚೂರು ಅಂಟಿದರೆ ಎಂಜಿನ್ ಕಟ್ಟಿದವರ ಹತ್ತಿರ ತಗೊಂಡು ಹೋಗಿ ತೋರಿಸಿ.

ನನ್ನ ರಟ್ಟಿನ ಮೇಲೆ ಮೊದಲ ವಾರ ಏಳು ಕಲೆ ಇದ್ದವು. ದಿನಕ್ಕೊಂದು ಹುಡುಕಿ ಬಿಗಿ ಮಾಡಿದೆ, ಎರಡು ಸೀಲ್ ಬದಲಿಸಿದೆ. ಮಂಡ್ಯದಿಂದ ಬಂದ ಮಾರನೇ ದಿನ ಡಿಫರೆನ್ಷಿಯಲ್ ಕೆಳಗೆ ಒಂದೇ ಹನಿ ಇತ್ತು. ಅಮ್ಮ ಅದನ್ನು ನೋಡಿ, ಬೆಟ್ಟಕ್ಕೆ ಯಾವಾಗ ಹೋಗೋದು ಅಂತ ಕೇಳಿದರು. ಆ ಭಾನುವಾರ ನಾನೊಬ್ಬನೇ ಹತ್ತಿ ಇಳಿದು ಬಂದೆ, ಪೆಡಲ್ ಕೊನೆಯ ತಿರುವಿನವರೆಗೂ ಗಟ್ಟಿಯಾಗಿತ್ತು. ಮುಂದಿನ ಭಾನುವಾರ ಅವರನ್ನು ಕರೆದುಕೊಂಡು ಹೋದೆ.